ಎರಡು ಮನೆ, ಒಂದೇ ವೈಫೈ

'ಐವತ್ತರ ನಂತರವೂ ಸಂಗಾತಿ ಸಿಗುತ್ತಾರೆ' ಎಂಬ ಜಾಹೀರಾತನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯವರ ಫೋನಿನಲ್ಲಿ, ಅವರು ಸ್ನಾನಕ್ಕೆ ಹೋಗಿದ್ದಾಗ. ಹಾಲಿನವನಿಗೆ ನಾಳೆ ಬೇಡವೆಂದು ಮೆಸೇಜ್ ಮಾಡಲು ಆ ಫೋನ್ ತೆಗೆದುಕೊಂಡಿದ್ದೆ. ನರೆತ ಕೂದಲಿನ ಗಂಡಸು, ಪಕ್ಕದಲ್ಲಿ ಹತ್ತಿ ಸೀರೆಯ ಹೆಂಗಸು, ಇಬ್ಬರೂ ಸಮುದ್ರ ನೋಡಿಕೊಂಡು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಅವರು ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದ ಕೂಡಲೇ ಫೋನನ್ನು ಮುಖದ ಮುಂದೆ ಹಿಡಿದು, ನಾನು ಇನ್ನೂ ಬದುಕಿದ್ದೇನೆ, ಸ್ವಲ್ಪ ತಡೆದುಕೊಳ್ಳಬಹುದಿತ್ತು ಎಂದೆ.

ಪಾಪ, ಅವರು ಕನ್ನಡಕ ಹುಡುಕಿ ಹಾಕಿಕೊಂಡು ಅದನ್ನು ಓದಿ, ಇದೆಂತದು ಎಂದು ನನ್ನನ್ನೇ ಕೇಳಿದರು. ಅಂಗಿಯ ಬಣ್ಣ ಆರಿಸಲಿಕ್ಕೂ ನನ್ನನ್ನು ಕೇಳುವ ಮನುಷ್ಯ ಎರಡನೆಯ ಹೆಂಡತಿಯನ್ನು ಎಲ್ಲಿಂದ ಹುಡುಕಿಯಾರು? ಬುದ್ಧಿಗೆ ಇದೆಲ್ಲ ಗೊತ್ತಿತ್ತು. ಆದರೂ ಆ ವಾರ ಚಹಾಕ್ಕೆ ಸಕ್ಕರೆ ಕಡಿಮೆಯೇ ಬಿತ್ತು. ಅವರು ಏನೂ ಹೇಳದೆ ಕುಡಿದರು, ಅದರಿಂದ ನನ್ನ ಅನುಮಾನ ಇನ್ನಷ್ಟು ಹೆಚ್ಚಾಯಿತು. ಆಮೇಲೆ ಒಂದು ದಿನ ಆಫೀಸಿಗೆ ಹೋಗುವ ಲೋಕಲ್ ರೈಲಿನಲ್ಲಿ ನಿಂತುಕೊಂಡು ನನ್ನ ಫೋನ್ ತೆರೆದರೆ ಅದೇ ನರೆಗೂದಲಿನವನು, ಅದೇ ಸಮುದ್ರ. ಪಕ್ಕದಲ್ಲಿ ನಿಂತಿದ್ದವಳು ಇಣುಕಿ ನೋಡಿ ಮುಖ ತಿರುಗಿಸಿಕೊಂಡಳು. ಸಂಜೆ ಮನೆಗೆ ಬಂದು ಹೇಳಿದ್ದಕ್ಕೆ ನಮ್ಮ ಮನೆಯವರು ಬಹಳ ಖುಷಿಪಟ್ಟು, ನಾನೂ ಬದುಕಿದ್ದೇನೆ ಮಾರಾಯ್ತಿ ಎಂದರು.

ನಮ್ಮದು ಠಾಕುರ್ಲಿ ಸ್ಟೇಷನ್ನಿಗೆ ಹತ್ತಿರದ ಹಳೆಯ ಬಿಲ್ಡಿಂಗು. ನಮಗೂ ಪಕ್ಕದ ಮನೆಗೂ ನಡುವೆ ಇರುವ ಗೋಡೆ ಎಷ್ಟು ತೆಳು ಎಂದರೆ, ಅಲ್ಲಿ ಕುಕ್ಕರ್ ಕೂಗಿದರೆ ನಾನು ಇಲ್ಲಿ ಗ್ಯಾಸ್ ಆರಿಸಲು ಏಳುತ್ತೇನೆ. ಆ ಮನೆಯಲ್ಲಿ ಇರುವವರು ಉಡುಪಿ ಕಡೆಯ ಒಬ್ಬ ಅಕ್ಕ. ನನಗಿಂತ ಏಳೆಂಟು ವರ್ಷ ದೊಡ್ಡವರು. ಅವರ ಗಂಡ ಡೊಂಬಿವಲಿಯ ಒಂದು ಕಾರ್ಖಾನೆಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು, ತೀರಿಕೊಂಡು ವರ್ಷಗಳಾದವು. ಈಗ ಮಗ, ಸೊಸೆ ಮತ್ತು ಅಕ್ಕ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಬರುವುದು ಕತ್ತಲಾದ ಮೇಲೆ. ಮಗ ಇಲ್ಲಿಯೇ ಹುಟ್ಟಿ ಬೆಳೆದವನು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ, ಅವರು ಮತ್ತೆ ಕನ್ನಡದಲ್ಲೇ ಮುಂದುವರಿಸುತ್ತಾರೆ. ಅವನ ಬಾಯಲ್ಲಿ 'ಅಮ್ಮಾ' ಎಂಬುದೊಂದು ಬಿಟ್ಟರೆ ಬೇರೆ ಕನ್ನಡ ಶಬ್ದವನ್ನು ನಾನು ಕೇಳಿರಲಿಲ್ಲ.

ಅಕ್ಕನ ಬಾಲ್ಕನಿಯ, ಇಲ್ಲಿಯವರ ಮಾತಿನಲ್ಲಿ ಗ್ಯಾಲರಿಯ, ಕರಿಬೇವು ನಮ್ಮ ಒಗ್ಗರಣೆಗೆ, ನಮ್ಮ ಮೊಸರು ಅವರ ಹಾಲಿಗೆ ಹೆಪ್ಪು. ಇಂಟರ್‌ನೆಟ್ ಹಾಕಿಸುವಾಗ ಕೇಬಲಿನವನು ವೈರು ನಮ್ಮ ಕಡೆಯಿಂದ ಮಾತ್ರ ಎಳೆಯಲಿಕ್ಕಾಗುವುದು ಎಂದ, ನಾವು ಅವರಿಗೂ ಪಾಸ್‌ವರ್ಡ್ ಕೊಟ್ಟೆವು. ಹೆಪ್ಪಿನ ಬಟ್ಟಲು ಕೊಟ್ಟಷ್ಟೇ ಸಲೀಸಾಗಿ ಕೊಟ್ಟದ್ದು. ಅದರ ಜೊತೆಗೆ ಬೇರೆ ಏನಾದರೂ ಗೋಡೆ ದಾಟಿ ಬಂದೀತು ಎಂದು ಯಾರಿಗೂ ಹೊಳೆದಿರಲಿಲ್ಲ.

ಜಾಹೀರಾತಿನ ವಿಷಯ ನನಗೆ ಬಿಡಿಸಿ ಹೇಳಿದವಳು ನನ್ನ ತಮ್ಮನ ಮಗಳು. ಬೆಂಗಳೂರಿನಲ್ಲಿ ಬೆಳೆದ ಹುಡುಗಿ, ಐರೋಲಿಯ ಆಫೀಸೊಂದರಲ್ಲಿ ಕಂಪ್ಯೂಟರಿನ ಮಾಹಿತಿ ಕಳವಾಗದಂತೆ ಕಾಯುವ ಕೆಲಸ ಅವಳದು. ಕೋಪರಖೈರಣೆಯಲ್ಲಿ ಗೆಳತಿಯರ ಜೊತೆ ರೂಮು ಮಾಡಿಕೊಂಡಿದ್ದಾಳೆ. ಒಂದು ರಜೆಯ ದಿನ ಪತ್ರೊಡೆ ಕಟ್ಟಿಕೊಂಡು ಅಲ್ಲಿಗೆ ಹೋಗಿದ್ದೆ. ಅವಳು ಅದನ್ನು ತಿನ್ನುತ್ತ, ನಮ್ಮ ಗಂಡ ಹೆಂಡಿರ ಜಗಳದ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅತ್ತೆ, ಈ ಜಾಹೀರಾತಿನವ್ರಿಗೆ ಎಷ್ಟೋ ಸಲ ಮನುಷ್ಯರು ಬೇರೆ ಬೇರೆ ಕಾಣ್ಸಲ್ಲ, ಮನೆ ಕಾಣ್ಸುತ್ತೆ. ಒಂದೇ ವೈಫೈಲಿ ಒಬ್ರು ಏನಾದ್ರೂ ಹುಡುಕಿದ್ರೆ ಎಲ್ರ ಫೋನಿಗೂ ಅದೇ ಬರ್ಬೋದು. ನಿಮ್ ವೈಫೈ ಬೇರೆ ಯಾರಾದ್ರೂ ಯೂಸ್ ಮಾಡ್ತಾರಾ?"

ಇಲ್ಲ ಎಂದೆ. ಬಾಯಿಗೆ ಮೊದಲು ಬಂದದ್ದೇ ಅದು. ಬಂದ ಮೇಲೆ ಯಾಕೆ ಬಂತೆಂದು ಗೊತ್ತಾಯಿತು. ಪಕ್ಕದ ಮನೆಯಲ್ಲಿ ಐವತ್ತು ದಾಟಿದವರು ಒಬ್ಬರೇ. ರೂಟರ್ ಒಳಗೆ ಹೋಗಿ ನೋಡಿದರೆ ಯಾವ ಫೋನಿನಿಂದ ಯಾವ ಸೈಟಿಗೆ ಹೋಗಿದ್ದಾರೆ ಎಂಬುದೂ ಕೆಲವು ಸಲ ಸಿಗುತ್ತದೆ, ತೋರಿಸಲಾ ಎಂದಳು. ಬೇಡವೆಂದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿದಳು, ಮತ್ತೆ ಆ ಮಾತು ಎತ್ತಲಿಲ್ಲ. ಜಾಣೆ.

ಒಬ್ಬರು ಹುಡುಕಿದ್ದು ಮನೆಮಂದಿಗೆಲ್ಲ ಕಾಣದ ಹಾಗೆ ಮಾಡಲು ದಾರಿ ಇದೆಯೇ ಎಂದು ಕೇಳಿದೆ. ಅವಳು ನನ್ನ ಫೋನಿಗೆ ಒಂದು ಬ್ರೌಸರ್ ಹಾಕಿಕೊಟ್ಟಳು. ಅದರ ಗುರುತು ನೀರುಳ್ಳಿ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಬಂದ ದಾರಿಯನ್ನೇ ಹಿಡಿದು ಹೇಳಿದಳು. ಠಾಕುರ್ಲಿಯಲ್ಲಿ ಹತ್ತಿದಿರಿ, ಠಾಣೆಯಲ್ಲಿ ಇಳಿದು ಬೇರೆ ಗಾಡಿ ಹಿಡಿದಿರಿ, ಇಲ್ಲಿ ಇಳಿದು ರಿಕ್ಷಾ ಮಾಡಿದಿರಿ. ನಿಮ್ಮನ್ನು ಈ ಗೇಟಿನಲ್ಲಿ ಇಳಿಸಿದ ರಿಕ್ಷಾದವನಿಗೆ ನೀವು ಸ್ಟೇಷನ್ನಿನಿಂದ ಬಂದಿರಿ ಎಂದಷ್ಟೇ ಗೊತ್ತು, ಠಾಕುರ್ಲಿ ಗೊತ್ತಿಲ್ಲ. ಠಾಕುರ್ಲಿಯಲ್ಲಿ ನಿಮ್ಮನ್ನು ಕಂಡವರಿಗೆ ನೀವು ಠಾಣೆ ಕಡೆ ಹೋದಿರಿ ಎಂದು ಗೊತ್ತು, ಈ ಗೇಟು ಗೊತ್ತಿಲ್ಲ. ಇದೂ ಹಾಗೆಯೇ, ಮೂರು ಕಡೆ ಗಾಡಿ ಬದಲಿಸುತ್ತದೆ, ಪೂರ್ತಿ ದಾರಿ ಯಾರಿಗೂ ತಿಳಿಯುವುದಿಲ್ಲ. ಮುಚ್ಚಿದರೆ ನೋಡಿದ್ದೆಲ್ಲ ಅಳಿಸಿಹೋಗುತ್ತದೆ. ಆದರೆ ಒಂದು ಎಚ್ಚರಿಕೆಯನ್ನೂ ಕೊಟ್ಟಳು. ನಿಮ್ಮ ಕೈಯಾರೆ ಹೆಸರು, ನಂಬರು ಬರೆದು ಕೊಟ್ಟರೆ ಆ ಸೈಟಿನವರಿಗೆ ನೀವು ಯಾರೆಂದು ಗೊತ್ತಾಗಿಯೇ ಆಗುತ್ತದೆ, ಅದಕ್ಕೆ ಈ ಬ್ರೌಸರ್ ಏನೂ ಮಾಡಲಾರದು.

ಮರಳುವಾಗ ಠಾಣೆಯಲ್ಲಿ ಗಾಡಿ ಬದಲಿಸಿ, ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ಹೊರಗೆ ನೋಡುವ ಮನಸ್ಸಾಗಲಿಲ್ಲ. ಅಕ್ಕ ಸಂಜೆ ತಲೆ ಬಾಚಿ, ಸೀರೆ ಬದಲಿಸಿ, ಗ್ಯಾಲರಿಯಲ್ಲಿ ಲೋಟ ಹಿಡಿದು ನಿಲ್ಲುತ್ತಾರೆ. ಒಬ್ಬಳೇ ಕುಡಿದರೆ ಚಹಾಕ್ಕೆ ರುಚಿಯೇ ಇಲ್ಲ ಎಂದು ಒಮ್ಮೆ ಹೇಳಿದ್ದರು. ಹಾಲು ನೀರಾಗಿರಬೇಕು, ಬೇರೆ ಪ್ಯಾಕೆಟ್ ತನ್ನಿ ಎಂದಿದ್ದೆ ನಾನು. ಆ ಮಾತು ನೆನಪಾಗಿ, ರೈಲಿನ ಲೇಡೀಸ್ ಡಬ್ಬಿಯಲ್ಲಿ ಅಷ್ಟು ಜನರ ನಡುವೆ ನನಗೆ ಅವರ ಮೇಲೆ ತಡೆಯಲಾರದಷ್ಟು ಪ್ರೀತಿ ಬಂತು. ಇಷ್ಟು ವರ್ಷ ಗೋಡೆಗೆ ಕಿವಿ ಕೊಟ್ಟಿದ್ದೇನೆ, ಕುಕ್ಕರಿನ ಸದ್ದು ಬಿಟ್ಟು ಏನೂ ಕೇಳಿಸಿಕೊಂಡಿಲ್ಲ ಎನಿಸಿತು.

ಮುಂದಿನ ಭಾನುವಾರ ಹೆಪ್ಪಿನ ಬಟ್ಟಲು ಕೊಡಲು ಹೋದಾಗ ಅವರ ಮನೆಯಲ್ಲಿ ಎಲ್ಲರೂ ಇದ್ದರು. ಅಕ್ಕ ನೆಲದ ಮೇಲೆ ಕುಳಿತು ಅಲಸಂಡೆ ಮುರಿಯುತ್ತಿದ್ದರು. ಮಗ ಸೋಫಾದಲ್ಲಿ ಫೋನ್ ನೋಡುತ್ತ ಇದ್ದವನು ಗೊಳ್ಳೆಂದು ನಕ್ಕ.

"ಅಮ್ಮಾ, ಹೇ ಬಘ್. ಫೋನ್‌ಲಾ ವಾಟತಂಯ ಮೀ ಮ್ಹಾತಾರಾ ಝಾಲೋ."

ನಾನು ಮುದುಕನಾದೆ ಎಂದುಕೊಂಡಿದೆ ಈ ಫೋನು ಎಂದು ಮರಾಠಿಯಲ್ಲಿ ಹೇಳಿ, ಅದೇ ಸಮುದ್ರದ ಚಿತ್ರವನ್ನು ತಾಯಿಯ ಕಡೆಗೆ ತಿರುಗಿಸಿದ. ಈ ವಯಸ್ಸಿನಲ್ಲಿ ಯಾರು ಮದುವೆ ಆಗುತ್ತಾರೆ ಎಂದೂ ಸೇರಿಸಿದ. ಅವನ ಮಾತಿನಲ್ಲಿ ಕುಹಕ ಇರಲಿಲ್ಲ, ಹುಡುಗರು ಅನ್ನುವ ಹಾಗೆ ಅಂದದ್ದು. ಅಕ್ಕನ ಕೈಯಲ್ಲಿದ್ದ ಅಲಸಂಡೆ ಅರ್ಧ ಮುರಿದು ನಿಂತಿತ್ತು. ಅವರು ತಲೆ ಎತ್ತಲೇ ಇಲ್ಲ. ಕುತ್ತಿಗೆಯ ಹಿಂದೆ ಕೆಂಪೇರಿದ್ದು ನನಗೆ ನಿಂತಲ್ಲಿಂದ ಕಂಡಿತು.

ಅದು ನಮ್ಮ ಮನೆಯ ಕಾಟ ಎಂದುಬಿಟ್ಟೆ. ನನ್ನ ದೊಡ್ಡಪ್ಪನ ಮಗ ಒಬ್ಬ ಮಂಗಳೂರಿನಲ್ಲಿದ್ದಾನೆ, ಹೆಂಡತಿ ಹೋದ ಮೇಲೆ ಒಂಟಿ, ಅವನಿಗೆ ನಾನೇ ಹೆಣ್ಣು ಹುಡುಕುತ್ತಿದ್ದೇನೆ, ವೈಫೈ ಒಂದೇ ಆದ್ದರಿಂದ ನಿಮಗೂ ಬರುತ್ತಿದೆ, ಇನ್ನು ಮೇಲೆ ಬಾರದ ಹಾಗೆ ಮಾಡುತ್ತೇನೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ದೊಡ್ಡಪ್ಪನಿಗೆ ಇದ್ದದ್ದು ಮೂವರೂ ಹೆಣ್ಣುಮಕ್ಕಳು. ಅಕ್ಕನ ಮಗ ಸಾರಿ ಆಂಟಿ ಎಂದ. ಅಕ್ಕ ನಿಧಾನವಾಗಿ ಉಳಿದರ್ಧ ಅಲಸಂಡೆ ಮುರಿದು ಪಾತ್ರೆಗೆ ಹಾಕಿದರು.

ಹೀಗೆ ಇಲ್ಲದ ಅಣ್ಣನ ನೆಪದಲ್ಲಿ ನಮ್ಮ ಪಾಠ ಶುರುವಾಯಿತು. ನಮ್ಮ ಕಡೆಯಲ್ಲಿ ಸಂಬಂಧ ಹುಡುಕುವವರು ಯಾರೂ ತನಗೆ ಬೇಕೆಂದು ಹೇಳುವುದಿಲ್ಲ, ಯಾವಾಗಲೂ ಗೊತ್ತಿರುವ ಒಬ್ಬರಿಗೆ ಬೇಕಾಗಿರುತ್ತದೆ. ನನ್ನ ಕಣ್ಣಿಗೆ ಸಣ್ಣ ಅಕ್ಷರ ಕಾಣುವುದಿಲ್ಲ, ನೀವು ಜೊತೆಗೆ ಕುಳಿತುಕೊಳ್ಳಿ ಎಂದು ಅಕ್ಕನನ್ನು ಕರೆದೆ. ಮಗ ಸೊಸೆ ಕೆಲಸಕ್ಕೆ ಹೋಗಿ ನನಗೆ ರಜೆ ಇದ್ದ ದಿನ ಮಧ್ಯಾಹ್ನ ಅವರ ಗ್ಯಾಲರಿಯಲ್ಲಿ ಕರಿಬೇವಿನ ಕುಂಡದ ಪಕ್ಕ ಕುಳಿತೆವು. ನನಗೆ ಅಭ್ಯಾಸವಾಗಲಿ ಎಂದು ಹೇಳಿ ಆ ಬ್ರೌಸರನ್ನು ಅವರ ಫೋನಿಗೂ ಹಾಕಿದೆ. ಅಕ್ಕ ಗುರುತು ನೋಡಿ ತಡೆದರು. ಅವರದು ನೀರುಳ್ಳಿ ಬೆಳ್ಳುಳ್ಳಿ ಒಳಗೆ ಬಾರದ ಅಡುಗೆಮನೆ.

"ಇಷ್ಟು ವರ್ಷ ಮನೆಯೊಳಗೆ ತರ್ಲಿಲ್ಲ, ಈಗ ಫೋನಿನೊಳಗೆ ತಂದೆಯಲ್ಲ ಮಾರಾಯ್ತಿ," ಎಂದರು.

ವಾಸನೆ ಬರುವುದಿಲ್ಲ ಎಂದು ಭರವಸೆ ಕೊಟ್ಟೆ. ಒಳಗೆ ಹೋದರೆ ಎಲ್ಲವೂ ನಿಧಾನ. ಒಂದು ಪುಟ ತೆರೆಯುವುದರೊಳಗೆ ಸೌತೆಕಾಯಿ ಹೆಚ್ಚಿ ಮುಗಿಸಬಹುದಿತ್ತು. ತೆರೆದಾಗ ಕೆಲವು ಸಲ ಅದು ಯಾವುದೋ ದೇಶದ ಭಾಷೆಯಲ್ಲಿರುತ್ತಿತ್ತು. ಕೊನೆಯ ಗಾಡಿ ಎಲ್ಲಿಂದ ಹೊರಟಿದೆಯೋ ಅಲ್ಲಿಯವರು ನಾವು ಎಂದು ಸೈಟಿಗೆ ಅನಿಸುತ್ತದೆ ಎಂದು ವಿವರಿಸಿದೆ. ಈಗ ನಾವು ಜರ್ಮನಿಯಲ್ಲಿದ್ದೇವೆ ಎಂದೆ. ಅಕ್ಕ ಸೆರಗು ಸರಿಮಾಡಿಕೊಂಡರು. ಡೊಂಬಿವಲಿ ಸ್ಟೇಷನ್ನಿನ ನೂಕುನುಗ್ಗಲು ಇಲ್ಲದೆ ಜರ್ಮನಿಗೆ ಬಂದದ್ದು ಒಳ್ಳೆಯದಾಯಿತು ಎಂದರು. ಆಮೇಲೆ ನೀವು ಯಂತ್ರವಲ್ಲ ಎಂದು ತೋರಿಸಿ, ಸೈಕಲ್ ಇರುವ ಚಿತ್ರಗಳನ್ನೆಲ್ಲ ಒತ್ತಿ ಎಂದು ಬರುತ್ತಿತ್ತು. ಇಬ್ಬರೂ ತಲೆಗೆ ತಲೆ ತಾಗಿಸಿ ಸೈಕಲ್ ಹುಡುಕುತ್ತಿದ್ದೆವು. ಚಕ್ರದ ಒಂದು ತುಂಡು ಮಾತ್ರ ಕಂಡರೆ ಅದನ್ನು ಸೈಕಲ್ ಎನ್ನಬೇಕೋ ಬೇಡವೋ ಎಂದು ನಮ್ಮಲ್ಲೇ ಚರ್ಚೆ. ತಪ್ಪಾದರೆ ಮತ್ತೆ ಮೊದಲಿಂದ. ನಾನು ಮನುಷ್ಯಳೇ ಅಂತ ಇದಕ್ಕೆ ಎಷ್ಟು ಸಲ ತೋರಿಸಬೇಕು ಎಂದು ಅಕ್ಕ ನಿಟ್ಟುಸಿರುಬಿಟ್ಟರು.

ತಮ್ಮನ ಮಗಳು ಹೇಳಿದ ಎಚ್ಚರಿಕೆಯನ್ನೂ, ಅಣ್ಣನ ಹೆಸರಿನಲ್ಲೇ, ಪೂರ್ತಿ ಹೇಳಿದೆ. ಅವನ ಫೋನ್ ನಂಬರನ್ನು ಅಷ್ಟು ಬೇಗ ಯಾರಿಗೂ ಕೊಡುವುದಿಲ್ಲ, ಮನೆಯ ವಿಳಾಸ ಬರೆಯುವುದಿಲ್ಲ, ಮೊದಲ ಸಲ ಭೇಟಿಯಾದರೆ ಜನ ಓಡಾಡುವ ಜಾಗದಲ್ಲಿ ಆಗಲಿ ಎಂದಿದ್ದೇನೆ ಎಂದೆ. ಅಕ್ಕ ತಲೆಯಾಡಿಸುತ್ತ ಕೇಳಿಕೊಂಡರು.

ಎರಡು ಮೂರು ಸಲ ಕುಳಿತಮೇಲೆ ನಾನೇ ಕೆಲಸದ ನೆಪ ಹೇಳಿ ಹಿಂದೆ ಸರಿದೆ. ಜಾಹೀರಾತುಗಳು ನಮ್ಮ ಫೋನುಗಳಿಂದ ಮೆಲ್ಲನೆ ಮಾಯವಾದವು. ಮೊಣಕಾಲು ನೋವಿನ ಎಣ್ಣೆ, ಮಿಕ್ಸಿ, ನಾನ್‌ಸ್ಟಿಕ್ ಕಾವಲಿ ಮರಳಿ ಬಂದವು. ನಮ್ಮ ಮನೆಯವರು ತನ್ನ ಎರಡನೆಯ ಮದುವೆ ಮುರಿಯಿತು ಎಂದು ಬೇಸರ ನಟಿಸಿದರು. ಅವರಿಗೂ ನಾನು ನಿಜ ಹೇಳಿರಲಿಲ್ಲ.

ನಾನು ಹುಟ್ಟಿದಂದಿನಿಂದ ಕುತೂಹಲದವಳು. ಮಹಡಿಯ ಮೆಟ್ಟಿಲಲ್ಲಿ ಹೊಸ ಚಪ್ಪಲಿ ಕಂಡರೆ ಯಾರ ಮನೆಗೆ ಯಾರು ಬಂದರೆಂದು ತಿಳಿಯದೆ ನನಗೆ ಅನ್ನ ಇಳಿಯುವುದಿಲ್ಲ. ಅಂಥವಳು ನನ್ನ ಕೈಯಾರೆ ಒಬ್ಬರಿಗೆ ನನ್ನಿಂದಲೇ ಅಡಗಿಕೊಳ್ಳುವುದನ್ನು ಕಲಿಸಿಕೊಟ್ಟಿದ್ದೆ. ಅಕ್ಕ ಹುಡುಕುತ್ತಿದ್ದಾರೋ, ಕೈಬಿಟ್ಟರೋ, ಯಾರಾದರೂ ಸಿಕ್ಕಿದರೋ, ಒಂದೂ ಗೊತ್ತಿಲ್ಲ. ಅವರಾಗಿ ಹೇಳುತ್ತಲೂ ಇರಲಿಲ್ಲ. ರೂಟರಿನ ಹಸಿರು ದೀಪ ನೋಡುವಾಗೆಲ್ಲ ಕೈ ತುರಿಸುತ್ತಿತ್ತು. ನೋಡಿದರೂ ಏನೂ ಕಾಣುವುದಿಲ್ಲ ಎಂದು ನನಗೇ ನಾನು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಬದಲಿಗೆ ಅಕ್ಕ ನನ್ನ ಅಣ್ಣನ ಬಗ್ಗೆ ಕೇಳತೊಡಗಿದರು. ಅವರಿಗೆ ಸಿಟ್ಟು ಬರುತ್ತದಾ? ಗೊರಕೆ ಹೊಡೆಯುತ್ತಾರಾ? ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಹೇಳುತ್ತಾರಾ, ಸುಮ್ಮನೆ ಉಣ್ಣುತ್ತಾರಾ? ನಾನು ತೋಚಿದ್ದು ಹೇಳುತ್ತ ಹೋದೆ. ಸಿಟ್ಟೇ ಇಲ್ಲ, ಗೊರಕೆ ಇಲ್ಲ, ಉಪ್ಪಿನ ಮಾತೇ ಎತ್ತುವವನಲ್ಲ. ಹೇಳಿದಷ್ಟೂ ಅವರು ಮತ್ತೆ ಕೇಳುವರು, ಮುಖದಲ್ಲಿ ಸಣ್ಣ ನಗು. ಆ ನಗು ನೋಡಿ ನನಗೆ ಭಯವಾಯಿತು. ಇಲ್ಲದ ಮನುಷ್ಯನ ಮೇಲೆ ಇವರಿಗೆ ಮನಸ್ಸಾಗಿಬಿಟ್ಟರೆ ಏನು ಗತಿ? ಒಂಟಿ ಜೀವಕ್ಕೆ ಉಪಕಾರ ಮಾಡಲು ಹೋಗಿ ದೊಡ್ಡ ಅಪಕಾರ ಮಾಡಿದೆನಲ್ಲ ಎಂದು ಆಫೀಸಿನಲ್ಲೂ ಅದೇ ಯೋಚನೆ. ನಿಜ ಹೇಳಿಬಿಡುವುದೆಂದು ನಿಶ್ಚಯಿಸಿದೆ. ಹೇಳಿದರೆ ಅವರ ಗುಟ್ಟು ನನಗೆ ಗೊತ್ತಿದೆ ಎಂಬುದೂ ಹೊರಗೆ ಬರುತ್ತದೆ. ಅದನ್ನು ನೆನೆದರೆ ಮತ್ತೆ ನಾಲಗೆ ಏಳುತ್ತಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಅಕ್ಕ ಕರಿಬೇವಿನ ದೊಡ್ಡ ಗೊಂಚಲು ಹಿಡಿದುಕೊಂಡು ಬಂದರು. ನಮ್ಮ ಮನೆಯವರು ಹೊರಗೆ ಹೋಗಿದ್ದರು. ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು ಎಲೆ ಬಿಡಿಸುತ್ತ, ನಿನ್ನ ಅಣ್ಣನಿಗೆ ಯಾರಾದರೂ ಸಿಕ್ಕಿದರಾ ಎಂದು ಕೇಳಿದರು. ನಾನು ಕಾವಲಿಯ ಮೇಲಿನ ದೋಸೆ ತೆಗೆದು, ಗ್ಯಾಸ್ ಆರಿಸಿ, ಅಕ್ಕಾ, ಒಂದು ವಿಷಯ ಹೇಳಲಿಕ್ಕುಂಟು ಎಂದು ಶುರುಮಾಡಿದೆ. ಅವರು ಕೈ ಎತ್ತಿ ತಡೆದರು.

"ಸಿಟ್ಟಿಲ್ಲ, ಗೊರಕೆ ಇಲ್ಲ, ಉಪ್ಪು ಕಡಿಮೆ ಆದ್ರೆ ಮಾತಿಲ್ಲ. ಅಂಥ ಗಂಡಸು ಎಲ್ಲಿದ್ದಾನೆ ಮಾರಾಯ್ತಿ? ನಂಗೆ ಆ ಭಾನುವಾರವೇ ಗೊತ್ತಾಯ್ತು. ನೀನು ಸುಳ್ಳು ಹೇಳುವಾಗ ಉಸಿರು ತೆಗೆಯುವುದಿಲ್ಲ."

ಅವರು ಎಲೆ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಆ ಹೊತ್ತು ನೀನು ಮಾತು ಎತ್ತದಿದ್ದರೆ ನಾನು ಮಗನ ಮುಂದೆ ಅತ್ತುಬಿಡುತ್ತಿದ್ದೆ ಎಂದರು. ನಿನ್ನ ಅಣ್ಣನ ಹಿಂದೆ ನಿಂತುಕೊಂಡದ್ದರಿಂದ ನನಗೆ ಧೈರ್ಯ ಬಂತು, ನಿನ್ನನ್ನು ಸ್ವಲ್ಪ ಆಟವಾಡಿಸಿದೆ, ತಪ್ಪು ತಿಳಿಯಬೇಡ ಎಂದರು. ಆಮೇಲೆ ನನ್ನ ಮುಖ ನೋಡದೆ, ಒಬ್ಬರು ಇದ್ದಾರೆ ಎಂದು ಹೇಳಿದರು.

ಒಂದು ಸುಳಿವೂ ಇರಲಿಲ್ಲ ನನಗೆ. ಈ ಬಿಲ್ಡಿಂಗಿನಲ್ಲಿ ಒಬ್ಬರು ತಾವಾಗಿ ಬಂದು ಹೇಳುವತನಕ ನನಗೆ ಗೊತ್ತಿಲ್ಲದೆ ಉಳಿದ ಸುದ್ದಿ ಇದೊಂದೇ. ಮೈಸೂರು ಕಡೆಯವರಂತೆ, ಬ್ಯಾಂಕಿನಿಂದ ನಿವೃತ್ತಿಯಾದವರು, ಹೆಂಡತಿ ಇಲ್ಲ. ಇರುವುದು ಇಲ್ಲೇ ಕಲ್ಯಾಣ್‌ನಲ್ಲಿ. ಮೂರು ದೇಶ ಸುತ್ತಿ ಹುಡುಕಿದರೂ ಸಿಕ್ಕಿದ್ದು ಪಕ್ಕದ ಸ್ಟೇಷನ್ನಿನವರು ಎಂದು ಅಕ್ಕ ನಕ್ಕರು. ತಿಂಗಳುಗಟ್ಟಲೆ ಬರೆದುಕೊಂಡು, ಆಮೇಲೆ ಫೋನಿನಲ್ಲಿ ಮಾತಾಡಿ, ಈಗ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಕೆಲವು ಸಲ ಭೇಟಿಯಾಗಿದ್ದರು. ಅವರು ಸ್ವಲ್ಪ ಸಿಟ್ಟಿನವರೇ, ಉಪ್ಪು ಕಡಿಮೆಯಾದರೆ ಹೇಳುತ್ತಾರೆ ಎಂದರು. ಗೊರಕೆಯ ವಿಷಯ ನಾನು ಕೇಳಲಿಲ್ಲ.

"ನಿಂಗೆ ಮೊದಲು ಹೇಳ್ಬೇಕು ಅಂತ ಇತ್ತು. ನಾಳೆ ಮಗನಿಗೆ ಹೇಳ್ತೇನೆ. ಅವ ಬೇಡ ಅಂದ್ರೆ ನಾನು ಬಿಡುವವಳು. ಅವನನ್ನು ನಗೆಪಾಟಲು ಮಾಡಿ ನಂಗೆ ಎಂತ ಸುಖ?"

ಅದೇ ಹುಡುಗ ಈ ವಯಸ್ಸಿನಲ್ಲಿ ಯಾರು ಮದುವೆ ಆಗುತ್ತಾರೆ ಎಂದದ್ದು ಇಬ್ಬರಿಗೂ ನೆನಪಿತ್ತು. ನಾನು ಜೊತೆಗೆ ಬರಲಾ ಎಂದೆ. ಬೇಡ, ಇದನ್ನು ಯಾರ ನೆಪವೂ ಇಲ್ಲದೆ ನಾನೇ ಹೇಳಬೇಕು ಎಂದರು. ಹೋಗುವಾಗ ಬಾಗಿಲಲ್ಲಿ ನಿಂತು ನನ್ನ ಕೆನ್ನೆ ಮುಟ್ಟಿದರು. ಇಷ್ಟು ವರ್ಷದಲ್ಲಿ ಮೊದಲ ಸಲ.

ಮರುದಿನ ತಿಂಡಿಯಾದ ಮೇಲೆ ಗೋಡೆಯಾಚೆ ಟಿವಿ ನಿಂತಿತು. ಕುರ್ಚಿ ಎಳೆದ ಸದ್ದಾಯಿತು. 'ಬಾ, ಕೂತ್ಕೋ' ಎಂಬ ಅಕ್ಕನ ದನಿ ಇಲ್ಲಿಗೆ ಸ್ಪಷ್ಟವಾಗಿ ಕೇಳಿತು. ಮುಂದಿನದೂ ಕೇಳುತ್ತಿತ್ತು, ನನ್ನ ಕಿವಿಗೇನೂ ಆಗಿಲ್ಲ. ನಾನು ಎದ್ದು ಹೋಗಿ ಮಿಕ್ಸಿಗೆ ತೆಂಗಿನಕಾಯಿ ಹಾಕಿ ಗುಂಡಿ ತಿರುಗಿಸಿದೆ. ಅದು ನುಣ್ಣಗಾದ ಮೇಲೆ ಸ್ವಲ್ಪ ನೀರು ಹಾಕಿ ಮತ್ತೆ ತಿರುಗಿಸಿದೆ. ನಮ್ಮ ಮನೆಯವರು ಪೇಪರ್ ಹಿಡಿದು ಒಳಗೆ ಬಂದು, ಇನ್ನೆಷ್ಟು ರುಬ್ಬುತ್ತೀ, ಹಾಲಾಯಿತು ಎಂದರು. ಅವರನ್ನು ಹೊರಗೆ ಕಳಿಸಿ ಒಂದು ಹಿಡಿ ಹುರಿಗಡಲೆ ಹಾಕಿದೆ. ಮಿಕ್ಸಿ ಬಿಸಿಯಾಗಿ ವಾಸನೆ ಬರತೊಡಗಿತು. ನಿಲ್ಲಿಸಲು ಭಯ. ಆಚೆ ಅಳುವ ಸದ್ದು ಕೇಳಿದರೆ ಏನು ಮಾಡುವುದು ಎಂಬ ಭಯ.

ಕೊನೆಗೆ ಮಿಕ್ಸಿಯೇ ಕೆಟ್ಟು ನಿಂತಿತು. ಗೋಡೆಯಾಚೆ ಏನೂ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲು ತಟ್ಟಿದಂತಾಯಿತು. ಅಕ್ಕ ಹೆಪ್ಪಿನ ಬಟ್ಟಲು ಹಿಡಿದು ನಿಂತಿದ್ದರು. ಕಣ್ಣು ಕೆಂಪಾಗಿತ್ತು, ಬಟ್ಟಲು ಖಾಲಿಯಿತ್ತು. ಹೇಳಿದೆ ಎಂದರು. ಒಬ್ಬಳೇ ಚಹಾ ಕುಡಿದು ಸಾಕಾಗಿದೆ ಅಂತಲೂ ಹೇಳಿದೆ ಎಂದರು. ಅದಕ್ಕೆ ಅವನು ಏನಂದ ಎಂದು ಕೇಳಿದೆ.

"ಅಮ್ಮಾ, ಅವರು ನಿಂಗೆ ಚಹಾ ಮಾಡಿ ಕೊಡ್ತಾರಾ, ಅಂತ ಕೇಳಿದ," ಎಂದರು ಅಕ್ಕ. ಬಟ್ಟಲನ್ನು ನನ್ನ ಕೈಗೆ ಕೊಟ್ಟರು. "ಕನ್ನಡದಲ್ಲಿ ಕೇಳಿದ ಮಾರಾಯ್ತಿ."